ಅಲಾರಂ ಬಾರದಿದ್ದರೆ ದೋಷವಿಲ್ಲವೆಂದೇ?

ವಿದ್ಯುತ್ ಉಪಕೇಂದ್ರದ ಬ್ಯಾಟರಿ ಕೋಣೆಗೆ ತಿಂಗಳುಗಟ್ಟಲೆ ಕೆಲಸವೇ ಬೀಳದಿರಬಹುದು. ಬಿದ್ದ ದಿನ ಅದು ಕೈಕೊಡುವಂತಿಲ್ಲ. ಲೈನಿನಲ್ಲಿ ದೋಷ ಕಂಡಾಗ ಬ್ರೇಕರನ್ನು ಟ್ರಿಪ್ ಮಾಡುವ ಬಲ ಅಲ್ಲಿಂದಲೇ ಬರಬೇಕು. 110 ವೋಲ್ಟ್‌ನ ಬ್ಯಾಂಕೆಂದರೆ ಸಾಮಾನ್ಯವಾಗಿ 2 ವೋಲ್ಟ್‌ನ 55 ಸೆಲ್‌ಗಳ ಸರಣಿ. ಅದರಲ್ಲಿ ಒಂದು ಸೆಲ್‌ನ ಜೋಡಣೆ ಕಳಚಿದರೂ ಇಡೀ ಸರಣಿ ನಿರುಪಯೋಗಿ. ಆದರೂ ಚಾರ್ಜರ್ ನಡೆಯುತ್ತಿರುವವರೆಗೆ ಪ್ಯಾನೆಲ್‌ನ ಮೀಟರು ಎಂದಿನಂತೆ 124 ವೋಲ್ಟ್ ತೋರಿಸುತ್ತಿರುತ್ತದೆ: ಅದು ಚಾರ್ಜರಿನ ವೋಲ್ಟೇಜು, ಬ್ಯಾಟರಿಯದಲ್ಲ.

ಇದಕ್ಕಾಗಿಯೇ ಈಗ ಪ್ರತಿ ಸೆಲ್‌ನ ವೋಲ್ಟೇಜು, ಉಷ್ಣತೆ, ಸರಣಿಯ ಕರೆಂಟುಗಳನ್ನು ಅಳೆದು ಮಾಡ್‌ಬಸ್ ಎಂಬ ಸಂವಹನ ವಿಧಾನದ ಮೂಲಕ ದೂರದ ಕಂಟ್ರೋಲ್ ರೂಮಿಗೆ ಕಳುಹಿಸುವ ಏರ್ಪಾಡು ಬಂದಿದೆ. ಅಲ್ಲಿ ಕುಳಿತ ಆಪರೇಟರ್‌ಗೆ ಬ್ಯಾಟರಿ ಕಾಣುವುದಿಲ್ಲ, ಅಲಾರಂ ಬಂದಿದೆಯೋ ಇಲ್ಲವೋ ಎಂಬುದಷ್ಟೇ ಕಾಣುತ್ತದೆ. ಅಲಾರಂ ಇಲ್ಲ, ಆದ್ದರಿಂದ ದೋಷವಿಲ್ಲ ಎಂಬ ಅವನ ತೀರ್ಮಾನ ಜ್ಞಾನವೇ, ಬರೀ ನಂಬಿಕೆಯೇ?

ಇಂಥ ಪ್ರಶ್ನೆಗಳನ್ನು ದಿನವೂ ಚಪ್ಪಾಳೆ ತಟ್ಟಿ ವಾದಿಸುವ ಜಾಗ ಕರ್ನಾಟಕದ ಮುಂಡಗೋಡ ತಾಲೂಕಿನಲ್ಲಿದೆ. 1966ರಲ್ಲಿ ಮುಂಡಗೋಡದಲ್ಲಿ ನೆಲೆಗೊಂಡ ಟಿಬೆಟನ್ ವಸಾಹತಿನ ಡ್ರೆಪುಂಗ್ ಮತ್ತು ಗಾಂದೆನ್ ವಿಹಾರಗಳಲ್ಲಿ ಏಳನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿಯ 'ಪ್ರಮಾಣವಾರ್ತಿಕ' ಪಠ್ಯ. ಧರ್ಮಕೀರ್ತಿ ಒಪ್ಪುವ ಮೂರು ಬಗೆಯ ಹೇತುಗಳಲ್ಲಿ (ಅನುಮಾನದ ಆಧಾರಗಳಲ್ಲಿ) ಒಂದು ಅನುಪಲಬ್ಧಿ, ಎಂದರೆ ಕಾಣದಿರುವಿಕೆ. ಆದರೆ ಅವನು ಅದಕ್ಕೊಂದು ಷರತ್ತು ಹಾಕುತ್ತಾನೆ: ವಸ್ತು ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬಂತಿದ್ದಾಗ ಮಾತ್ರ, ಕಾಣದ್ದನ್ನು ಇಲ್ಲವೆನ್ನಬಹುದು. ಹಾಡಹಗಲಲ್ಲಿ ಅದೇ ತಾಲೂಕಿನ ಅತ್ತಿವೇರಿ ಜಲಾಶಯದ ಬಯಲು ನೀರನ್ನು ನೋಡಿ ಕೊಕ್ಕರೆಯಿಲ್ಲ ಎನ್ನುವುದು ಸರಿ. ಅಮಾವಾಸ್ಯೆಯ ರಾತ್ರಿ ನೋಡಿ ಹಾಗೆನ್ನುವಂತಿಲ್ಲ. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯನ್ನು ಪ್ರತ್ಯೇಕ ಪ್ರಮಾಣವೆಂದೇ, ಎಂದರೆ ಅರಿವಿನ ಬೇರೆಯೇ ಸಾಧನವೆಂದೇ ಎಣಿಸಿದರು, ಮಧ್ವರು ಎಣಿಸಲಿಲ್ಲ. ಆ ಜಗಳ ದೊಡ್ಡದು, ಇಲ್ಲಿಗೆ ಬೇಕಾದದ್ದು ಷರತ್ತು ಮಾತ್ರ.

ಎಂಜಿನಿಯರುಗಳು ಈ ಷರತ್ತನ್ನು 'ಹಾರ್ಟ್‌ಬೀಟ್' ಎಂಬ ಸಂಕೇತದಿಂದ ಪೂರೈಸುತ್ತಾರೆ. ಉಪಕರಣ ನಿಗದಿತ ಅಂತರದಲ್ಲಿ ಒಂದೊಂದೇ ಏರುವ ಸಂಖ್ಯೆಯನ್ನು ಕಳುಹಿಸುತ್ತಿರುತ್ತದೆ. ಸಂಖ್ಯೆ ಬಂದರೆ ಸಾಲದು, ಬದಲಾಗಬೇಕು. ಇಲ್ಲವಾದರೆ ಪರದೆಯ ಮೇಲಿರುವುದು ನಿನ್ನೆಯ ರೀಡಿಂಗ್ ಆಗಿರಬಹುದು. ಇಷ್ಟಾದರೂ ಹಾರ್ಟ್‌ಬೀಟ್ ಸಾಕ್ಷಿ ನುಡಿಯುವುದು ಸಂಪರ್ಕದ ಪರವಾಗಿಯೇ ಹೊರತು ಸೆಲ್‌ನ ಪರವಾಗಿ ಅಲ್ಲ. ಸೆನ್ಸರೇ ಕೆಟ್ಟಿದ್ದರೆ ತಪ್ಪು ಸಂಖ್ಯೆ ಸಮಯಕ್ಕೆ ಸರಿಯಾಗಿ ತಲುಪುತ್ತದೆ. ಹೀಗಾಗಿಯೇ ಬ್ಯಾಂಕಿಗೆ ನಿಜವಾದ ಲೋಡ್ ಕೊಟ್ಟು ನೋಡುವ ಡಿಸ್ಚಾರ್ಜ್ ಟೆಸ್ಟ್ ಈಗಲೂ ತಪ್ಪಿಲ್ಲ.

ಹಾರ್ಟ್‌ಬೀಟ್ ನಿಂತರೆ ಏನು ಮಾಡಬೇಕೆಂಬುದು ಬೇರೆಯೇ ಮಾತು. ಗ್ರಿಡ್‌ಗೆ ಜೋಡಿಸಿದ ಲಿಥಿಯಂ ಬ್ಯಾಟರಿಯಾದರೆ ಕಾಂಟ್ಯಾಕ್ಟರ್ ತೆರೆದು ತಾನಾಗಿ ಬೇರ್ಪಡುವುದು ಕ್ಷೇಮ. ಉಪಕೇಂದ್ರದ ಬ್ಯಾಟರಿ ಹಾಗೆ ಬೇರ್ಪಟ್ಟರೆ ಬ್ರೇಕರ್ ಟ್ರಿಪ್ ಆಗುವ ದಾರಿಯೇ ಮುಚ್ಚುತ್ತದೆ. ಅಲ್ಲಿ ಅಲಾರಂ ಕೊಟ್ಟು, ಜೋಡಣೆಯನ್ನು ಮುಟ್ಟದೆ, ಜನರನ್ನು ಕಳುಹಿಸಬೇಕು. ಎರಡೂ ಕಡೆ ತಿಳಿಯದಿರುವುದು ಒಂದೇ ಸಂಗತಿ, ಮಾಡಬೇಕಾದದ್ದು ಮಾತ್ರ ತದ್ವಿರುದ್ಧ. ಇದನ್ನು ಪ್ರಮಾಣಶಾಸ್ತ್ರ ಹೇಳಿಕೊಡುವುದಿಲ್ಲ, ಬ್ಯಾಟರಿ ಯಾವ ಕೆಲಸಕ್ಕಿದೆ ಎಂಬುದೇ ಹೇಳಬೇಕು.