ಒಲೆಯ ಹೊಗೆಯೂ ಮನೆಯವರ ಹೊಣೆಯೂ

ಒಬ್ಬನು ತನ್ನ ನೆರೆಯವನ ಅನ್ನದಲ್ಲಿ ವಿಷವನ್ನು ಬೆರಸಿದರೆ ಅವನು ಕೊಲೆಗಾರನೆಂದು ಹೇಳುವದಕ್ಕೆ ನಮಗೆ ಪಂಚಾಯಿತಿ ಬೇಕಾಗಿಲ್ಲ. ಆದರೆ ಆ ವಿಷವು ಅನ್ನದಲ್ಲಿರದೆ ಗಾಳಿಯಲ್ಲಿದ್ದು, ಒಂದು ದಿನದಲ್ಲಲ್ಲ, ಮೂವತ್ತು ವರುಷಗಳಲ್ಲಿ ಕೊಲ್ಲುವದಾದರೆ, ಮತ್ತು ಕೇಡು ಮಾಡಬೇಕೆಂದು ಯಾರೂ ಎಣಿಸಿರದಿದ್ದರೆ, ಆಗ ತಪ್ಪು ಯಾರದು? ಇದು ಪಂಡಿತರ ತರ್ಕಕ್ಕಾಗಿ ಹುಟ್ಟಿದ ಪ್ರಶ್ನೆಯಲ್ಲ. ಕಟ್ಟಿಗೆಯ ಒಲೆಯುಳ್ಳ ಪ್ರತಿಯೊಂದು ಮನೆಯಲ್ಲಿ ದಿನಕ್ಕೆ ಎರಡಾವರ್ತಿ ಹೊಗೆಯೊಡನೆ ಏಳುವ ಪ್ರಶ್ನೆ.

ಹಸಿಕಟ್ಟಿಗೆ, ತೆಂಗಿನ ಗರಿ, ಬೆರಣಿ, ಜೋಳದ ದಂಟು ಇವುಗಳು ಪೂರಾ ಉರಿಯದೆ ಹೊಗೆಯಾದಾಗ ನಾವು ಗೋಡೆಯ ಮೇಲಿನ ಮಸಿಯನ್ನು ನೋಡಿ ಬೇಸರಪಡುತ್ತೇವೆ. ಕಣ್ಣಿಗೆ ಕಾಣುವ ಆ ಮಸಿಗಿಂತಲೂ ಕಾಣದಿರುವದೇ ಹೆಚ್ಚು ಕೇಡಿನದು. ತಲೆಗೂದಲಿನ ದಪ್ಪದಲ್ಲಿ ಇಪ್ಪತ್ತರಲ್ಲೊಂದು ಪಾಲೂ ಇಲ್ಲದ ಕಣಗಳು ಮೂಗಿನಲ್ಲಿ ತಡೆಯಲ್ಪಡದೆ ಶ್ವಾಸಕೋಶದ ಕೊನೆಯ ಚೀಲಗಳ ವರೆಗೂ ಇಳಿಯುತ್ತವೆ. ಅವುಗಳಲ್ಲಿ ಅತಿಸೂಕ್ಷ್ಮವಾದವುಗಳು ರಕ್ತವನ್ನೂ ಸೇರುತ್ತವೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡೆಂಬ ಅನಿಲವು ರಕ್ತದಲ್ಲಿ ಪ್ರಾಣವಾಯುವಿನ ಸ್ಥಳವನ್ನು ಹಿಡಿದುಕೊಳ್ಳುವದು. ಗರ್ಭಿಣಿಯು ಒಲೆಯ ಮುಂದೆ ಕೂತಿದ್ದರೆ ಹೊಟ್ಟೆಯಲ್ಲಿರುವ ಶಿಶುವಿಗೂ ಅಷ್ಟು ಕೊರತೆ. ಇಂಥ ಕೂಸುಗಳು ತೂಕ ಕಡಿಮೆಯಾಗಿ ಹುಟ್ಟುವದುಂಟು. ಎಳೆಯ ಮಕ್ಕಳಿಗೆ ನ್ಯುಮೋನಿಯ, ತಾಯಂದಿರಿಗೆ ಬಿಡದ ಕೆಮ್ಮು, ಉಬ್ಬಸ, ಕಣ್ಣಿನ ಪೊರೆ, ಹೃದಯದ ರೋಗ, ಇವೆಲ್ಲವೂ ಈ ಒಂದೇ ಬಾಗಲಿನಿಂದ ಒಳಗೆ ಬರುತ್ತವೆ. ಮನೆಯೊಳಗಿನ ಹೊಗೆಯಿಂದ 2020ನೆಯ ವರುಷದಲ್ಲಿ ಲೋಕದಲ್ಲೆಲ್ಲಾ ಸುಮಾರು 32 ಲಕ್ಷ ಜನರು ಸತ್ತರೆಂದೂ, ಅವರಲ್ಲಿ ಐದು ವರುಷದೊಳಗಿನ ಮಕ್ಕಳೇ 2,37,000ಕ್ಕಿಂತ ಹೆಚ್ಚೆಂದೂ ವಿಶ್ವ ಆರೋಗ್ಯ ಸಂಸ್ಥೆಯವರು ಅಂದಾಜು ಮಾಡಿದ್ದಾರೆ.

"ನಮ್ಮ ಅಜ್ಜಿಯು ಇದೇ ಹೊಗೆಯಲ್ಲಿ ಎಂಭತ್ತು ವರುಷ ಬಾಳಿದಳಲ್ಲಾ" ಎಂದು ಕೆಲವರು ಹೇಳುವರು. ಹೌದು, ಬಾಳಿದ ಅಜ್ಜಿಯು ಜಗಲಿಯ ಮೇಲೆ ಕೂತು ಎಲ್ಲರಿಗೂ ಕಾಣುತ್ತಾಳೆ. ನಾಲ್ವತ್ತೈದರಲ್ಲಿ ದಮ್ಮು ಹತ್ತಿ ತೀರಿಹೋದ ಅವಳ ತಂಗಿಯನ್ನು ಈಗ ಯಾರು ಎಣಿಸುತ್ತಾರೆ? ಅವಳ ಮರಣಕ್ಕೆ ಆಗ ದಮ್ಮು ಕಾರಣವೆಂದರು. ದಮ್ಮಿಗೆ ಕಾರಣವೇನೆಂದು ಯಾರೂ ಕೇಳಲಿಲ್ಲ. ಹೊಗೆ ಹಿಡಿದ ಹುಲ್ಲುಮಾಡಿಗೆ ಹುಳ ಬೀಳುವದಿಲ್ಲವೆಂಬದು ನಿಜವೇ, ನಾವು ಅಲ್ಲಗಳೆಯುವದಿಲ್ಲ. ಆದರೆ ಮಾಡಿನ ಬಿದಿರನ್ನು ಕಾಯುವದಕ್ಕೆ ಹೆಂಗಸಿನ ಎದೆಯನ್ನು ಒಡ್ಡುವದು ಯಾವ ಲೆಕ್ಕ?

ಹಿಂದಿನವರು ಅರಿಯದೆ ಮಾಡಿದ್ದಕ್ಕೆ ನಾವು ಅವರನ್ನು ದೂಷಿಸಲಾರೆವು. ಅರಿತವರ ಸಂಗತಿಯೇ ಬೇರೆ. ಅಲ್ಲಿಯೂ ಒಂದು ಭೇದವುಂಟು. ಕೂಲಿಯಿಂದ ದಿನ ಕಳೆಯುವ ಮನೆಯಲ್ಲಿ ಆರಿಸಿಕೊಳ್ಳುವದಕ್ಕೆ ಏನಿದೆ? 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಬಡಹೆಂಗಸರ ಹೆಸರಿಗೇ ಗ್ಯಾಸು ಬಂತು. ಆದರೂ ಸಿಲಿಂಡರನ್ನು ಪುನಃ ತುಂಬಿಸಲು ಹಣವಿಲ್ಲದೆ ಕಟ್ಟಿಗೆಗೆ ಹಿಂದಿರುಗಿದವರು ಅನೇಕರು. ಇವರ ಮೇಲೆ ತಪ್ಪು ಹೊರಿಸುವವನು ಕಲ್ಲೆದೆಯವನು. ಆದರೆ ಮೊಬೈಲಿಗೂ ಎಲೆಯಡಿಕೆಗೂ ಮಗಳ ಮದುವೆಯ ಚಪ್ಪರಕ್ಕೂ ಹಣ ಹೊಂದಿಸುವ ಮನೆಯಲ್ಲಿ ಒಲೆಗೆ ಮಾತ್ರ ಹಣ ಸಿಕ್ಕದಿರುವದು ಯಾಕೆ? ಯಾಕಂದರೆ ಚೀಲದ ಬಾಯಿ ಹಿಡಿದವನು ಜಗಲಿಯಲ್ಲಿದ್ದಾನೆ, ಊದುಗೊಳವೆ ಹಿಡಿದವಳು ಒಳಗಿದ್ದಾಳೆ. ತೀರ್ಮಾನ ಮಾಡುವವನ ಕಣ್ಣಿಗೆ ಹೊಗೆ ಹೋಗದು. ಅವಳು ಗುಣುಗುಟ್ಟುವದಿಲ್ಲವಲ್ಲಾ ಎಂಬದು ಉತ್ತರವಾಗಲಾರದು. ಗುಣುಗುಟ್ಟಬಾರದೆಂದು ಅವಳಿಗೆ ಚಿಕ್ಕಂದಿನಿಂದಲೇ ಕಲಿಸಿದವರು ನಾವೇ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ 'ಅಸ್ತ್ರ' ಎಂಬ ಕೇಂದ್ರದವರು ಮೂರು ಪಾತ್ರೆಗಳನ್ನಿಡುವ, ಹೊಗೆಕೊಳವೆಯುಳ್ಳ ಅಸ್ತ್ರ ಒಲೆಯನ್ನು ಹಳ್ಳಿಗಳಿಗೆ ಕೊಟ್ಟರು. ಅಂಥ ಒಲೆಯಲ್ಲಿ ಕಟ್ಟಿಗೆಯೂ ಉಳಿಯುವದು. ಆದರೆ ಕೊಳವೆಯ ಮಸಿಯನ್ನು ಆಗಾಗ್ಗೆ ತೆಗೆಯದಿದ್ದರೆ ಹೊಗೆ ಪುನಃ ಮನೆಯೊಳಗೇ ತಿರುಗುವದು. ಮಾಡಿನ ಮೇಲೆ ಹತ್ತಿ ಅದನ್ನು ಶುಚಿಮಾಡುವದು ಗಂಡಸರ ಕೆಲಸವಾಗಲಿ. ಕೊಳವೆಯ ಬಾಯಿಯು ನೆರೆಯವರ ಕಿಟಕಿಗೆ ಎದುರಾಗಿರದಂತೆಯೂ ನೋಡತಕ್ಕದ್ದು.

ಇದೊಂದೂ ಕೈಗೂಡದ ಮನೆಯಲ್ಲಿಯೂ ಮಳೆಗಾಲದ ಕಟ್ಟಿಗೆಯನ್ನು ಬೇಸಿಗೆಯಲ್ಲಿಯೇ ಸೀಳಿ, ಒಣಗಿಸಿ, ಸೂರಿನ ಕೆಳಗೆ ಅಡುಕಬಹುದು. ಒಲೆಯ ಮೇಲಿನ ಮಾಡಿನಲ್ಲಿ ಬೆಳಕಿಂಡಿ ತೆರೆಯಬಹುದು. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಒಲೆ ಊದದ ಹಾಗೆ, ಆ ಹೊತ್ತಿನಲ್ಲಿ ಮನೆಯ ಬೇರೊಬ್ಬರು ಅದನ್ನು ಎತ್ತಿಕೊಳ್ಳಬಹುದು. ಅಡಿಗೆಗೆ ಗ್ಯಾಸು ಬಂದ ಮೇಲೂ ಬಚ್ಚಲಿನ ಹಂಡೆಯ ಒಲೆ ಅನೇಕರ ಮನೆಯಲ್ಲಿ ಹಾಗೆಯೇ ಹೊಗೆಯುತ್ತಿದೆ. ಅದನ್ನು ಊದುವದಕ್ಕೆ ಬೆಳಿಗ್ಗೆ ಮೊದಲು ಎಬ್ಬಿಸಲ್ಪಡುವವಳು ಮನೆಯ ಚಿಕ್ಕ ಹುಡುಗಿ.