ಪಾಸ್‌ಗೆ ಎರಡು ತುದಿ

1961ರಲ್ಲಿ ಫುಲ್‌ಹ್ಯಾಮ್ ಕ್ಲಬ್ಬಿನ ಜಾನಿ ಹೇಯ್ನ್ಸ್ ವಾರಕ್ಕೆ 100 ಪೌಂಡ್ ಸಂಬಳ ಪಡೆದ ಮೊದಲ ಇಂಗ್ಲಿಷ್ ಫುಟ್‌ಬಾಲ್ ಆಟಗಾರರಾದರು. ಆ ವರ್ಷದ ಜನವರಿಯವರೆಗೂ, ಎಂಥ ಆಟಗಾರನಾದರೂ ವಾರಕ್ಕೆ 20 ಪೌಂಡ್ ದಾಟುವಂತಿರಲಿಲ್ಲ.

1901ರಲ್ಲಿ 4 ಪೌಂಡಿಗೆ ಶುರುವಾದ ಈ ಮಿತಿ ದೂರದಿಂದ ಸಮಾನತೆಯಂತೆ ಕಾಣುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಮಿತಿಗಿಂತ ಬಹಳ ಕೆಳಗೇ ದುಡಿಯುತ್ತಿದ್ದವರು ಬೇಕಾದಷ್ಟಿದ್ದರು. ಪ್ರೆಸ್ಟನ್ನಿನ ಟಾಮ್ ಫಿನ್ನಿ ದೇಶದ ಅತಿ ಶ್ರೇಷ್ಠ ಆಟಗಾರರಲ್ಲೊಬ್ಬರಾಗಿದ್ದೂ ಕೊಳಾಯಿ ಕೆಲಸ ಬಿಡಲಿಲ್ಲ. ಅವರಿಗೆ ಕೊಡದೆ ಉಳಿಸಿದ ಹಣ ಪಕ್ಕದ ಆಟಗಾರನ ಕಿಸೆಗೇನೂ ಸೇರಲಿಲ್ಲ. ಒಬ್ಬನನ್ನು ಕೆಳಗೆ ಹಿಡಿದಿಟ್ಟ ಮಾತ್ರಕ್ಕೆ ಇನ್ನೊಬ್ಬ ಮೇಲೇಳುವುದಿಲ್ಲ.

ಮಿತಿ ರದ್ದಾದದ್ದು ಆಟಗಾರರ ಸಂಘ ಮುಷ್ಕರಕ್ಕೆ ಸಿದ್ಧವಾದಾಗ. ಮ್ಯಾಂಚೆಸ್ಟರಿನ ಸಭೆಯಲ್ಲಿ ಯುವ ಆಟಗಾರನೊಬ್ಬ, ಗಣಿಯಲ್ಲಿ ದುಡಿಯುವ ತನ್ನ ತಂದೆಗಿಂತ ತಮಗೆಲ್ಲ ಹೆಚ್ಚೇ ಸಿಗುತ್ತಿದೆಯಲ್ಲ ಎಂದನಂತೆ. ಬೋಲ್ಟನ್ನಿನ ಟಾಮಿ ಬ್ಯಾಂಕ್ಸ್ ಎದ್ದು, ಸಾವಿರಾರು ಜನರ ಕಣ್ಣೆದುರು ಸ್ಟ್ಯಾನ್ಲಿ ಮ್ಯಾಥ್ಯೂಸರಂಥ ಚತುರ ಆಟಗಾರರನ್ನು ತಡೆಯುವುದು ಎಂಥ ಕೆಲಸವೆಂದು ತಂದೆಗೆ ಹೇಳು ಎಂದರಂತೆ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಅದಕ್ಕೇ ಈ ಪ್ರಸಂಗ ನನ್ನನ್ನು ಬಿಡುವುದಿಲ್ಲ. ಬೆವರಿನ ಬೆಲೆ ಅಳೆಯುವ ಕೋಲು ಯಾವುದು? ಬೆವರೋ, ನೋಡಲು ಬಂದ ಜನವೋ?

ಹೇಯ್ನ್ಸ್ ಹೆಸರು ಮಾಡಿದ್ದು ಪಾಸ್ ಕೊಡುವುದರಲ್ಲಿ. ಮೈದಾನದ ಉದ್ದಕ್ಕೂ ಹರಿಯುವ ಆ ಚೆಂಡನ್ನು ಸರಿಯಾದ ಗಳಿಗೆಗೆ ಓಡಿ ಸೇರಬೇಕಾದವನು ಇನ್ನೊಬ್ಬ. ಅವನು ಒಂದು ಹೆಜ್ಜೆ ತಡವಾದರೆ ಅಂಥ ಪಾಸೂ ಗೆರೆಯಾಚೆ ಹೋದ ಚೆಂಡು ಅಷ್ಟೆ. ಆದರೂ ಚೆಂಡು ಎಲ್ಲಿಗೆ ಹೋಗಬೇಕೆಂದು ಎಲ್ಲರಿಗಿಂತ ಮೊದಲು ಕಂಡ ಕಣ್ಣು ಹೇಯ್ನ್ಸರದೇ. ಆ ಕಣ್ಣಿಗೆ ಹೆಚ್ಚಿನ ಬೆಲೆ ಇರುವುದು ಅನ್ಯಾಯವೆಂದು ನಾನು ಒಪ್ಪಲಾರೆ. ಓಟಗಾರನ ಪಾಲು ಎಷ್ಟೆಂದು ಯಾರೂ ಕೂತು ಲೆಕ್ಕ ಹಾಕಲಿಲ್ಲ ಎಂಬುದೇ ನನ್ನ ಸಂಕಟ. ಸಂಬಳ ಒಬ್ಬೊಬ್ಬರ ಹೆಸರಿಗೆ ಬರುತ್ತದೆ, ಆಟ ಹಾಗೆ ಒಬ್ಬೊಬ್ಬರದಾಗಿ ಬಿಡಿಬಿಡಿಯಾಗುವುದಿಲ್ಲ.

ಮುಷ್ಕರದ ಮುಂದಾಳು, ಸಂಘದ ಅಧ್ಯಕ್ಷ ಜಿಮ್ಮಿ ಹಿಲ್, ಹೇಯ್ನ್ಸರ ಜೊತೆಗೇ ಫುಲ್‌ಹ್ಯಾಮಿಗೆ ಆಡುತ್ತಿದ್ದವರು. ಮೊಣಕಾಲಿನ ಗಾಯದಿಂದ ಅವರ ಆಟ ಅದೇ ವರ್ಷ ಮುಗಿಯಿತು. ತಾವೇ ಹೋರಾಡಿ ತೆರೆಸಿದ ಬಾಗಿಲಿನೊಳಗೆ ಆಟಗಾರರಾಗಿ ನಡೆಯುವ ಭಾಗ್ಯ ಅವರಿಗಿರಲಿಲ್ಲ. ಕೆಳಗಿನ ಡಿವಿಷನ್‌ಗಳಲ್ಲಿ ಆಡುತ್ತಿದ್ದವರೂ ಮುಷ್ಕರದ ಪರ ಮತ ಹಾಕಿದರು. 100 ಪೌಂಡ್ ತಮ್ಮ ಬಾಗಿಲಿಗೆ ಬಾರದೆಂದು ಅವರಲ್ಲಿ ಹೆಚ್ಚಿನವರಿಗೆ ಗೊತ್ತಿದ್ದಿರಲೇಬೇಕು. ಗೊತ್ತಿದ್ದೂ ಕೈ ಎತ್ತಿದರು.