ಮುಟ್ಟಿದ ಕೈಯ ಬೆಲೆ

ನಟ ಪಾಲ್ ನ್ಯೂಮನ್ ಕಟ್ಟುತ್ತಿದ್ದ ರೋಲೆಕ್ಸ್ ಡೇಟೋನಾ ಕ್ರೋನೋಗ್ರಾಫ್ ಕೈಗಡಿಯಾರ 2017ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಫಿಲಿಪ್ಸ್ ಹರಾಜಿನಲ್ಲಿ 1.77 ಕೋಟಿ ಡಾಲರಿಗೂ ಹೆಚ್ಚಿಗೆ ಹೋಯಿತು. ಸ್ಟೀಲಿನ ಕವಚ, ಕೀಲಿ ಕೊಡುವ ಯಂತ್ರ. ಇದೇ 6239 ಮಾದರಿಯ ಬೇರೆ ಗಡಿಯಾರಗಳೂ ಸೆಕೆಂಡನ್ನು ಹೀಗೆಯೇ ಅಳೆಯುತ್ತವೆ. ಹಾಗಾದರೆ ಹೆಚ್ಚುವರಿ ಬೆಲೆ ಇರುವುದೆಲ್ಲಿ? ಲೋಹದಲ್ಲಂತೂ ಅಲ್ಲ.

ಕ್ಯಾಥೊಲಿಕ್ ಸಂಪ್ರದಾಯದಲ್ಲಿ ಸಂತರು ಬಳಸಿದ ವಸ್ತುಗಳನ್ನು ಎರಡನೆಯ ದರ್ಜೆಯ ಪವಿತ್ರ ಅವಶೇಷಗಳೆಂದು ಎಣಿಸುತ್ತಿದ್ದರು. ಅಲ್ಲಿ ಸ್ಪರ್ಶದ ಹಿಂದೆ ದೈವಕೃಪೆಯ ನಂಬಿಕೆಯಿದೆ. ನಟನ ಗಡಿಯಾರಕ್ಕೆ ಆ ಆಸರೆಯಿಲ್ಲ. ಸಂಗ್ರಾಹಕರ ಭಾವವೇನೋ ಹೆಚ್ಚುಕಡಿಮೆ ಅದೇ.

ಗಡಿಯಾರದ ಹಿಂಬದಿಯಲ್ಲಿ ಪತ್ನಿ ಜೋಆನ್ ವುಡ್‌ವರ್ಡ್ ಕೆತ್ತಿಸಿದ ಮೂರೇ ಪದಗಳಿವೆ: ಹುಷಾರಾಗಿ ಓಡಿಸು ಎಂಬ ಅರ್ಥದ ಎರಡು, ಕೊನೆಗೆ ಹೆಸರಿನ ಬದಲು ‘ನಾನು’. ಗಂಡನಿಗೆ ಕಾರ್ ರೇಸಿನ ಹುಚ್ಚಿತ್ತು. ಚಾಚೂ ತಪ್ಪದ ನಕಲಿನಲ್ಲೂ ಆ ಅಕ್ಷರಗಳು ಇರಬಹುದು, ಆದರೆ ಅವನ್ನು ಆಕೆ ಕೆತ್ತಿಸಿರುವುದಿಲ್ಲ. ಹಳೆಯ ಫೋಟೋ, ಪತ್ರಗಳನ್ನಿಟ್ಟು ಹರಾಜುದಾರರು ಮಾಲೀಕತ್ವ ರುಜುವಾತುಪಡಿಸುವುದು ಇದಕ್ಕೇ.